ಖಾರ ಬಿಟ್ಟಿದ್ದ ಸೊಸೆ

ಕೋಲಾರದ ಆಸ್ಪತ್ರೆಯೊಂದರಲ್ಲಿ ನಾನು ಚರ್ಮದ ವೈದ್ಯೆಯಾಗಿ ಸೇರಿದ ಹೊಸದರಲ್ಲಿ, ಹುತ್ತೂರಿನ ಕಡೆಯ ಒಂದು ಹಳ್ಳಿಯಿಂದ ಗಂಡ ಹೆಂಡತಿ ಬಂದರು. ಆಗ ಮಾವಿನ ಕಾಲ. ಶ್ರೀನಿವಾಸಪುರದ ಕಡೆಯಿಂದ ಬರುವ ರೋಗಿಗಳ ಚೀಲಗಳಿಂದ ಹಣ್ಣಿನ ವಾಸನೆ ಹೊರಟು ಫಿನಾಯಿಲ್ ವಾಸನೆಯನ್ನು ಮುಚ್ಚಿಬಿಡುತ್ತಿತ್ತು. ಗಂಡನಿಗೆ ಮೂವತ್ತರ ಆಸುಪಾಸು, ಹೆಂಡತಿ ಅವನಿಗಿಂತ ಸ್ವಲ್ಪ ಚಿಕ್ಕವಳು. ಅವನು ಕೂತ ಕೂಡಲೇ ಅಂಗಿಯ ತೋಳು ಮೇಲೇರಿಸಿ, ಸಂತೆಯಲ್ಲಿ ತರಕಾರಿ ಹರಡುವ ಹಾಗೆ ಎರಡೂ ಕೈಗಳನ್ನು ನನ್ನ ಮೇಜಿನ ಮೇಲೆ ಇಟ್ಟ.

"ನೋಡಿ ಮೇಡಂ, ಇದೇ. ನಾವು ರೇಷ್ಮೆ ಹುಳ ಸಾಕೋರು. ಹುಳು ಮನೇಗೆ ಹಾಕೋ ಪೌಡರ್ ನಂಗಾಗ್ತಿಲ್ಲ. ಕೆರ್ದು ಕೆರ್ದು ಸಾಕಾಗೋಗಿದೆ."

ಹೆಂಡತಿ ಹಿಂದೆ ನಿಂತಿದ್ದಳು. ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡೇ ಮಾತಾಡಿದಳು. "ನಿದ್ದೇನೇ ಇಲ್ಲ ಮೇಡಂ ಇವ್ರಿಗೆ. ಬೆನ್ನು ತೋರಿಸ್ರೀ. ಕಾಲು ತೋರಿಸ್ರೀ. ಆ ಹಳೇ ಕಲೆ ತೋರಿಸ್ರೀ."

ಅವನು ಒಂದೊಂದಾಗಿ ತೋರಿಸಿದ. ಕೈ ಕಾಲುಗಳ ಹೊರಮೈ ತುಂಬ ಸೊಳ್ಳೆ ಕಚ್ಚಿದಂಥ ಗುಳ್ಳೆಗಳು, ಕೆರೆದು ಕಪ್ಪಾದ ಗುರುತುಗಳು. ಪಕ್ಕೆಯ ಒಂದೇ ಭಾಗದಲ್ಲಿ ಪಟ್ಟಿ ಕಟ್ಟಿದ ಹಾಗೆ ಹಳೆಯ ಕಲೆ. ಹಿಂದಿನ ವರ್ಷ ಸರ್ಪಸುತ್ತು ಆಗಿತ್ತಂತೆ. ಮುಳಬಾಗಿಲಿನ ಹತ್ತಿರ ಯಾರೋ ಕೆಮ್ಮಣ್ಣು ಹಚ್ಚಿ ವಾಸಿ ಮಾಡಿದ್ದರಂತೆ. ಪೌಡರ್ ತಾಗುವ ಅಂಗೈ ಮಾತ್ರ ನುಣ್ಣಗಿತ್ತು. ಇದು ಪೌಡರಿನ ಕೆಲಸವಲ್ಲ ಎಂದು ಆ ಅಂಗೈಯೇ ನನಗೆ ಹೇಳಿತು. ಚಿಕ್ಕ ವಯಸ್ಸಿನವರಿಗೆ ಸರ್ಪಸುತ್ತು ಬಂದು, ಅದರ ಹಿಂದೆಯೇ ಇಂಥ ಬಿಡದ ತುರಿಕೆ ಶುರುವಾದರೆ, ರಕ್ತದಲ್ಲಿ ಎಚ್‌ಐವಿ ಇದೆಯೇ ಎಂದು ನೋಡಲೇಬೇಕು. ಅದನ್ನು ಅವನಿಗೆ ಬಿಡಿಸಿ ಹೇಳಿದೆ. ಅವನು ತಕ್ಷಣ ಒಪ್ಪಿದ, ಆದರೆ ಏರಿಸಿದ್ದ ತೋಳನ್ನು ಇಳಿಸಿ ಗುಂಡಿ ಹಾಕಿಕೊಂಡ.

ನಮ್ಮಲ್ಲಿ ಇಂಥ ರೋಗಿಗಳ ಜತೆ ಕೂತು ಮಾತಾಡುವ ಆಪ್ತಸಮಾಲೋಚಕಿಯೊಬ್ಬರಿದ್ದರು. ಮಾಲೂರಿನವರು, ನನಗಿಂತ ಹಿರಿಯರು. ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆವು. ಪರೀಕ್ಷೆಯಲ್ಲಿ ಗಂಡನಿಗೆ ಎಚ್‌ಐವಿ ಇರುವುದು ಗೊತ್ತಾದಾಗ ಅಕ್ಕ ಅವನನ್ನು ಒಬ್ಬನನ್ನೇ ಕೂರಿಸಿಕೊಂಡು ಮಾತಾಡಿದರು. ಮದುವೆಗೆ ಮುಂಚೆ ಟೊಮೆಟೊ ಲಾರಿ ಓಡಿಸಿಕೊಂಡು ಊರೂರು ಸುತ್ತಿದ್ದನ್ನು ಅವನೇ ಹೇಳಿದ. ಹೆಂಡತಿಗೂ ತಾನೇ ಹೇಳುತ್ತೇನೆ, ಅಕ್ಕ ಪಕ್ಕದಲ್ಲಿದ್ದರೆ ಸಾಕು ಎಂದ. ಹೇಳಿದ. ಅವಳೂ ರಕ್ತ ಕೊಟ್ಟಳು. ಅವಳಿಗೂ ಇತ್ತು.

ಅವರಿಬ್ಬರೂ ಮತ್ತೆ ನನ್ನ ಕೋಣೆಗೆ ಬಂದಾಗ ಅವಳ ಕಣ್ಣು ಕೆಂಪಾಗಿತ್ತು, ಆದರೂ ಮೊದಲು ಕೇಳಿದ್ದು ಗಂಡನ ವಿಷಯವನ್ನೇ. "ಇವ್ರ ತುರಿಕೆಗೆ ಏನ್ ಹಚ್ಬೇಕು ಮೇಡಂ?"

"ಅದು ಹೇಳ್ತೀನಿ. ಈಗ ನಿಮ್ಮನ್ನ ನೋಡ್ಬೇಕು."

"ನಂಗೇನಾಗಿಲ್ಲ. ಇವ್ರನ್ನ ನೋಡಿ."

ನಾನು ಗಂಡನನ್ನು ಹೊರಗೆ ಟೀ ಕುಡಿದು ಬರಲು ಕಳಿಸಿದೆ. ಪರದೆ ಎಳೆದೆ. ಸೆರಗು ತೆಗೆಯಲು ಹೇಳಿದೆ. ತುಟಿಯ ಎರಡೂ ಅಂಚು ಸೀಳಿದ್ದವು. ಬಾಯಿ ತೆರೆದಳು. ನಾಲಿಗೆ, ಕೆನ್ನೆಯ ಒಳಭಾಗ, ಗಂಟಲಿನವರೆಗೂ ಗಟ್ಟಿ ಮೊಸರಿನ ಕೆನೆ ಕಟ್ಟಿದಂತೆ ಬೆಳ್ಳಗಿತ್ತು. ಅದು ಶಿಲೀಂಧ್ರದ ಸೋಂಕು. ನೀರು ನುಂಗಿದರೂ ಉರಿಯುವಂಥದ್ದು.

"ಎಷ್ಟು ದಿನದಿಂದ ಇದು? ಊಟ ಹೇಗೆ ಮಾಡ್ತೀರಿ?"

"ಉಗಾದಿಗೂ ಮುಂಚೆಯಿಂದ ಮೇಡಂ. ಮಜ್ಜಿಗೆ ಅನ್ನ ತಿಂತೀನಿ. ಖಾರ ಬಾಯಿಗಿಟ್ರೆ ಪ್ರಾಣ ಹೋಗುತ್ತೆ."

"ಮನೇಲಿ ಯಾರೂ ಕೇಳ್ಲಿಲ್ವಾ?"

ಅವಳು ಅಷ್ಟು ದುಃಖದಲ್ಲೂ ಸ್ವಲ್ಪ ನಕ್ಕಳು. ಮದುವೆಯಾಗಿ ಕೆಲವು ವರ್ಷ ಆಗಿದ್ದರೂ ಮಕ್ಕಳಿರಲಿಲ್ಲ. ಸೊಸೆ ಇದ್ದಕ್ಕಿದ್ದಂತೆ ಖಾರ ಬಿಟ್ಟಿದ್ದನ್ನು ಕಂಡ ಅತ್ತೆ, ಆವನಿಯ ಬೆಟ್ಟದ ಸೀತಮ್ಮನಿಗೆ ಮಗುವಿಗಾಗಿ ಹರಕೆ ಹೊತ್ತಿದ್ದಾಳೆ ಎಂದು ತಾವೇ ತೀರ್ಮಾನಿಸಿಬಿಟ್ಟಿದ್ದರು. ಬೆಳಿಗ್ಗೆ ಡೈರಿಗೆ ಹಾಲು ಹಾಕಲು ನಿಂತವರಿಗೆಲ್ಲ "ನಮ್ಮ ಸೊಸೆ ಖಾರ ಬಿಟ್ಟವಳೆ ಕಣಮ್ಮ, ಈ ಕಾಲ್ದಲ್ಲಿ ಯಾರು ಬಿಡ್ತಾರೆ" ಎಂದು ಹೇಳಿಕೊಂಡು ಬರುತ್ತಿದ್ದರು. ಇವಳು ಇಲ್ಲ ಎನ್ನಲಿಲ್ಲ. ಇಲ್ಲ ಎಂದರೆ ಬಾಯಿ ತೆರೆದು ತೋರಿಸಬೇಕಾಗುತ್ತಿತ್ತು.

ಬೇರೆ ಎಲ್ಲಾದರೂ ಉರಿ ಇದೆಯೇ ಎಂದು ಕೇಳಿದ್ದಕ್ಕೆ ಉಳಿದದ್ದೂ ಹೊರಬಂತು. ಕೆಳಗೂ ಅದೇ ಬಿಳುಪು, ಅದೇ ಉರಿ. ಉಷ್ಣ ಎಂದುಕೊಂಡು ಬಾರ್ಲಿ ನೀರು, ಕಾಮಕಸ್ತೂರಿ ಬೀಜದ ನೀರು ಕುಡಿಯುತ್ತಿದ್ದಳು. "ಇದನ್ನ ಯಾರಿಗೆ ಹೇಳೋದು ಮೇಡಂ? ಅವ್ರದ್ದು ಕೈ ಮೇಲಿತ್ತು, ಎಲ್ರಿಗೂ ಕಾಣ್ಸ್ತಿತ್ತು, ಆಸ್ಪತ್ರೆಗೆ ಬಂದ್ವಿ."

ಆ ಮಾತು ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿತು. ಅಲ್ಲಿಂದ ಮುಂದೆ ನಾನು ಎಚ್‌ಐವಿ ಇರುವ ಪ್ರತಿಯೊಬ್ಬರನ್ನೂ ಬೇರೆ ಕಣ್ಣಿನಿಂದ ನೋಡತೊಡಗಿದೆ. ಗಂಡಸರು ಹೆಚ್ಚಾಗಿ ಹೊರಗಿನ ಚರ್ಮದ ತೊಂದರೆ ಹಿಡಿದು ಬರುತ್ತಿದ್ದರು: ತುರಿಕೆ, ಸರ್ಪಸುತ್ತು, ಹುಬ್ಬು ಮೂಗಿನ ಪಕ್ಕದ ಹೊಟ್ಟು. ಹೆಂಗಸರು ಗಂಡನ ತುರಿಕೆಯನ್ನೋ ಮಗುವಿನ ಕಜ್ಜಿಯನ್ನೋ ತೋರಿಸಲು ಬರುತ್ತಿದ್ದರು. ಅವರದ್ದು ಬಾಯಿಯೊಳಗೆ, ಸೀರೆಯೊಳಗೆ ಇರುತ್ತಿತ್ತು, ಕೇಳಿದರೆ ಮಾತ್ರ ಸಿಗುತ್ತಿತ್ತು. ಇದರಲ್ಲಿ ದೇಹದ ವ್ಯತ್ಯಾಸ ಎಷ್ಟು, ಸೆರಗಿನ ವ್ಯತ್ಯಾಸ ಎಷ್ಟು ಎಂದು ಬಿಡಿಸಿ ಹೇಳಲು ನನಗೆ ಇಂದಿಗೂ ಬರುವುದಿಲ್ಲ.

ಇಬ್ಬರಿಗೂ ದಿನಕ್ಕೊಂದು ಮಾತ್ರೆ ಶುರುವಾಯಿತು. ಅವಳ ಬಾಯಿಗೆ ಬೇರೆ ಔಷಧ, ಅವನ ಚರ್ಮಕ್ಕೆ ಮುಲಾಮು. ಮುಂದಿನ ಸಲ ಬಂದಾಗ ಇಬ್ಬರೂ ಬೆಂಚಿನ ಎರಡು ತುದಿಗಳಲ್ಲಿ ಕೂತಿದ್ದರು. ಅವಳು ಗಂಡನ ಜತೆ ಮಾತು ಬಿಟ್ಟಿದ್ದಳು. ಬೆಳಿಗ್ಗೆ ಮಾತ್ರೆಯನ್ನೂ ನೀರಿನ ಲೋಟವನ್ನೂ ಅವನ ಮುಂದೆ ಇಟ್ಟು ಹೋಗುತ್ತಾಳಂತೆ, ಅಷ್ಟೆ. ಅಕ್ಕ ಅವಳಿಗೆ ಕ್ಷಮಿಸು ಅಂತಲೂ ಹೇಳಲಿಲ್ಲ, ಬಿಟ್ಟುಬಿಡು ಅಂತಲೂ ಹೇಳಲಿಲ್ಲ. "ಕೋಪ ಇದ್ರೆ ಇಟ್ಕೋ ತಾಯಿ. ಮಾತ್ರೆ ಮಾತ್ರ ತಪ್ಪಿಸ್ಬೇಡ" ಎಂದರು.

ಅವಳ ಬಾಯಿ ಚೊಕ್ಕವಾಗಿತ್ತು. ನಾಲಿಗೆ ಗುಲಾಬಿ ಬಣ್ಣಕ್ಕೆ ತಿರುಗಿ, ತುಟಿಯ ಸೀಳು ಮುಚ್ಚಿತ್ತು. ಆದರೆ ಅವನ ತುರಿಕೆ ಮೊದಲಿಗಿಂತ ಹೆಚ್ಚಾಗಿತ್ತು. ಮೈಗೆ ಶಕ್ತಿ ಮರಳುವಾಗ ಕೆಲವರಿಗೆ ಹೀಗಾಗುತ್ತದೆ, ಚರ್ಮ ನಿಧಾನ, ಕೆಲವು ತಿಂಗಳು ತಡೆದುಕೊಳ್ಳಬೇಕು ಎಂದು ಹೇಳಿದೆ. ಅವನಿಗೆ ನಂಬಿಕೆ ಬರಲಿಲ್ಲ.

"ಅದೆಂಗೆ ಮೇಡಂ? ಅವ್ಳಿಗೆ ವಾರದಲ್ಲಿ ಹೋಯ್ತು, ನಂಗೆ ಜಾಸ್ತಿ ಆಯ್ತು! ಅವ್ಳಿಗೇನಾದ್ರೂ ಒಳ್ಳೇ ಮಾತ್ರೆ ಕೊಟ್ಟಿದೀರಾ?"

ಬೆಂಚಿನ ಆ ತುದಿಯಿಂದ ಹೆಂಡತಿ ಫಕ್ಕನೆ ನಕ್ಕಳು. ನಕ್ಕು, ತಾನು ನಕ್ಕದ್ದಕ್ಕೆ ಸಿಟ್ಟಾಗಿ ಗೋಡೆಯ ಕಡೆ ತಿರುಗಿಕೊಂಡಳು.

ಅವರಿಬ್ಬರ ಮಾತು ಮತ್ತೆ ಹೇಗೆ ಶುರುವಾಯಿತು ಎಂಬುದನ್ನು ಅವನೇ ಆಮೇಲೆ ನನಗೆ ಹೇಳಿದ. ಅದೇ ದಿನ ಬಸ್ ಸ್ಟ್ಯಾಂಡಿನ ಹತ್ತಿರ ತಳ್ಳುಗಾಡಿಯಲ್ಲಿ ಮೆಣಸಿನಕಾಯಿ ಬಜ್ಜಿ ಕರಿಯುತ್ತಿದ್ದರು. ಅವಳು ನಿಂತು ನೋಡಿದಳು. ಅವನು ಕೇಳದೆಯೇ ಒಂದು ಪ್ಲೇಟು ತಂದುಕೊಟ್ಟ. ಅವಳು ಹೆದರಿ ಹೆದರಿ ತುದಿ ಕಚ್ಚಿದಳು. ಉರಿಯಲಿಲ್ಲ. ಅಂದರೆ ಖಾರವೇ ಉರಿಯಿತು, ಹುಣ್ಣು ಉರಿಯಲಿಲ್ಲ. ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸಿಕೊಂಡು ಅಷ್ಟನ್ನೂ ತಿಂದು ಮುಗಿಸಿ, ಅವನ ಕಡೆ ನೋಡದೆಯೇ ಹೇಳಿದಳಂತೆ: "ಇನ್ನೊಂದು ಪ್ಲೇಟು ಹೇಳ್ರೀ."

"ಆವತ್ತು ನಂಗೆ ತುರಿಕೆ ಮರ್ತೇ ಹೋಯ್ತು ಮೇಡಂ" ಎಂದ.

ಕೋಪ ಅಷ್ಟಕ್ಕೇ ಮುಗಿಯಲಿಲ್ಲ, ಹೋಗುತ್ತಾ ಬರುತ್ತಾ ಇತ್ತು. ಆದರೆ ಬೆಂಚಿನ ಮೇಲೆ ಅವರ ನಡುವಿನ ಜಾಗ ಸಲದಿಂದ ಸಲಕ್ಕೆ ಕಿರಿದಾಗುವುದನ್ನು ನಾನೂ ಅಕ್ಕನೂ ನೋಡುತ್ತಿದ್ದೆವು. ಅವನ ಗುಳ್ಳೆಗಳೂ ಕ್ರಮೇಣ ಒಣಗಿದವು. ಮೈ ಮೇಲೆ ಕಪ್ಪು ಗುರುತುಗಳು ಉಳಿದವು, ಹೊಸವು ಏಳಲಿಲ್ಲ.

ಈಗ ಉಳಿದದ್ದು ಮನೆಯ ಸಮಸ್ಯೆ. ಬಸ್ ಸ್ಟ್ಯಾಂಡಿನಲ್ಲಿ ಬಜ್ಜಿ ತಿನ್ನುವ ಸೊಸೆ ಮನೆಯಲ್ಲಿ ಇನ್ನೂ ಮಜ್ಜಿಗೆ ಅನ್ನವನ್ನೇ ತಿನ್ನುತ್ತಿದ್ದಳು. ಇಲ್ಲದ ಹರಕೆಯನ್ನು ತೀರಿಸುವುದು ಹೇಗೆ? ಕೊನೆಗೆ ಅವಳೇ ಅತ್ತೆಗೆ "ಹರಕೆ ಮುಗೀತು" ಎಂದುಬಿಟ್ಟಳು. ಅತ್ತೆ ಬಿಡಲಿಲ್ಲ. ಹಾಗೆಲ್ಲ ಸುಮ್ಮನೆ ಮುಗಿಸುವಂತಿಲ್ಲ, ಆವನಿಗೆ ಹೋಗಿ ಪೂಜೆ ಮಾಡಿಸಿ ಬಂದು ಊಟ ಹಾಕಿಸಬೇಕು, ಮಗನ ಕಜ್ಜಿ ವಾಸಿ ಮಾಡಿದ ಡಾಕ್ಟ್ರಮ್ಮನೂ ಊಟಕ್ಕೆ ಬರಬೇಕು ಎಂದು ಹೇಳಿ ಕಳಿಸಿದರು.

ನಾನು ಅಕ್ಕನನ್ನೂ ಕರೆದೆ. ಅವರು ಕೈ ಮುಗಿದರು. "ನಾನು ಬಂದ್ರೆ ಯಾರು ಏನು ಅಂತ ಊರೆಲ್ಲ ಕೇಳುತ್ತೆ. ನೀವು ಹೋಗಿ. ನೀವು ಬರೀ ಕಜ್ಜಿ ಡಾಕ್ಟ್ರು, ಯಾರಿಗೂ ಅನುಮಾನ ಬರಲ್ಲ."

ಅವರೆಕಾಯಿಯ ಕಾಲದ ಒಂದು ಭಾನುವಾರ ಹೋದೆ. ಹಿಪ್ಪುನೇರಳೆ ತೋಟದ ಅಂಚಿನಲ್ಲಿ ಮನೆ, ಅದರ ಹಿಂದೆ ಹುಳು ಸಾಕುವ ಉದ್ದನೆಯ ಕೋಣೆ. ಅಂಗಳದಲ್ಲಿ ಹೆಂಗಸರು ಸುತ್ತ ಕೂತು ನೆನೆಸಿದ ಅವರೆಕಾಳಿನ ಸಿಪ್ಪೆ ಹಿದುಕುತ್ತಿದ್ದರು. ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಮಾತು, ಜಗಳ, ನಗು. ಅತ್ತೆ ಗಟ್ಟಿಮುಟ್ಟಾದ ಹೆಂಗಸು. ನನ್ನ ಕೈ ಹಿಡಿದುಕೊಂಡು, "ಬಾಮ್ಮ, ಹುಳು ಮನೆ ತೋರಿಸ್ತೀನಿ" ಎಂದು ನೇರವಾಗಿ ಹಿಂದಕ್ಕೆ ಕರೆದುಕೊಂಡು ಹೋದರು. ಸೊಸೆ ಗಾಬರಿಯಿಂದ ನಮ್ಮ ಹಿಂದೆಯೇ ಬಂದಳು.

ಒಂದು ಬೆಳೆ ಮುಗಿದು ಇನ್ನೊಂದು ಶುರುವಾಗಿರಲಿಲ್ಲ. ಕೋಣೆ ಖಾಲಿ, ತೊಳೆದು ಸುಣ್ಣ ಹೊಡೆದದ್ದು. ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿದ್ದರು. ಅತ್ತೆ ಬಾಗಿಲು ಹಾಕಿದರು.

"ಡಾಕ್ಟ್ರಮ್ಮ, ನಂಗೆ ನೀನೇನೂ ಹೇಳ್ಬೇಡ. ಇಬ್ರೂ ಬೆಳಿಗ್ಗೆ ಒಂದೇ ಥರದ ಮಾತ್ರೆ ನುಂಗ್ತಾರೆ. ನಂಗೇನು ಕಣ್ಣಿಲ್ವಾ? ಯಾವ ಕಾಯ್ಲೆ ಅಂತ ನಾನು ಕೇಳಲ್ಲ. ಮಗ ಕೆರ್ಕೊಳ್ಳಲ್ಲ, ಸೊಸೆ ಉಣ್ತಾಳೆ. ನಂಗಷ್ಟು ಸಾಕು."

ಅತ್ತೆ ಸೊಸೆಯ ಕಡೆ ತಿರುಗಿ, "ಹರಕೆ ಅಲ್ಲ ಅಂತಲೂ ಗೊತ್ತು ಕಣೇ. ಡೈರೀಲಿ ಎಲ್ರಿಗೂ ಹೇಳ್ಬಿಟ್ಟಿದ್ನಲ್ಲ, ಇನ್ನೇನ್ ಮಾಡ್ಲಿ, ಊಟ ಹಾಕಿಸ್ಬೇಕಾಯ್ತು" ಎಂದರು. ಸೊಸೆಗೆ ಅಳು ಬಂತು, ನಗುವೂ ಬಂತು. ಎರಡನ್ನೂ ಅತ್ತೆಯ ಭುಜದ ಮೇಲೆ ಮುಗಿಸಿದಳು.

ಆಮೇಲೆ ಅತ್ತೆ ದನಿ ತಗ್ಗಿಸಿದರು. "ಈಗ ನನ್ನದೊಂದು ನೋಡು. ಯಾರಿಗೂ ತೋರಿಸಿಲ್ಲ." ರವಿಕೆ ಸಡಿಲಿಸಿದರು. ಎದೆಯ ಕೆಳಗೂ, ಲಂಗದ ಲಾಡಿ ಬಿಗಿಯುವ ಸೊಂಟದ ಸುತ್ತಲೂ ಹುಳುಕಡ್ಡಿ ಹಬ್ಬಿತ್ತು. ಎಷ್ಟೋ ವರ್ಷಗಳಿಂದ ಬೇವು, ಅರಿಶಿನ, ಮೆಡಿಕಲ್ ಸ್ಟೋರಿನ ಯಾವುದೋ ಟ್ಯೂಬು. ಎಚ್‌ಐವಿಗೂ ಇದಕ್ಕೂ ಸಂಬಂಧವಿರಲಿಲ್ಲ. ಸರಿಯಾದ ಔಷಧ ಹಚ್ಚಿದರೆ ಹೋಗುವಂಥದ್ದು. ಆದರೆ ಆ ಮನೆಯ ಮೂವರ ಪೈಕಿ ಆಸ್ಪತ್ರೆಗೆ ತಾನಾಗಿ ಮೈ ತೋರಿಸಲು ಬಂದವನು ಮಗ ಒಬ್ಬನೇ ಎಂದು ನನಗೆ ಹೊಳೆಯಿತು.

ಸೊಸೆ ಮೊಬೈಲಿನ ಟಾರ್ಚ್ ಹಿಡಿದು ನಿಂತಿದ್ದಳು, ನಾನು ನೋಡುತ್ತಿದ್ದೆ, ಅಷ್ಟರಲ್ಲಿ ಬಾಗಿಲ ಸಂದಿನಿಂದ ಪಕ್ಕದ ಮನೆಯ ಅಜ್ಜಿಯೊಬ್ಬರು ತಲೆ ಹಾಕಿದರು. "ನಾಕೂ ಚೂಡಮ್ಮಾ" ಎಂದರು, ನನ್ನದೂ ನೋಡಮ್ಮ ಎಂದು. ಅವರ ಹಿಂದೆ ಇನ್ನೊಬ್ಬರು. ಸೊಸೆ ಎರಡು ಚಂದ್ರಿಕೆಗಳನ್ನು ಎಳೆದು ಅಡ್ಡ ನಿಲ್ಲಿಸಿ ಮರೆ ಮಾಡಿದಳು. ಅವರೆಕಾಳು ಹಿದುಕುತ್ತಿದ್ದವರು ಒಬ್ಬೊಬ್ಬರಾಗಿ ಒಳಗೆ ಬಂದರು. ಒಬ್ಬರಿಗೆ ಬೆರಳ ಸಂದಿಯ ಕೊಳೆತ, ಒಬ್ಬರಿಗೆ ಕಂಕುಳ ಬೊಕ್ಕೆ. ಒಬ್ಬಳು ಹೊಸ ಮದುವಣಗಿತ್ತಿ. ತನ್ನ ಬೆನ್ನಿನ ಬಿಳಿ ಚುಕ್ಕೆ ತೊನ್ನಿನ ಶುರುವೇನೋ ಎಂದು ಹೆದರಿ ಹೆದರಿ ಸಣ್ಣಗಾಗಿದ್ದಳು. ಅದು ಬರೀ ಚಿಬ್ಬು, ಹೋಗುತ್ತದೆ ಎಂದಾಗ ಅವಳು ನನ್ನನ್ನು ತಬ್ಬಿಕೊಂಡ ರಭಸಕ್ಕೆ ಚಂದ್ರಿಕೆ ಬಿತ್ತು. ಒಳಗಿದ್ದವರೆಲ್ಲ ಕಿರುಚಿಕೊಂಡು, ಸೆರಗು ಎಳೆದುಕೊಂಡು, ನಗಲು ಶುರುಮಾಡಿದವರು ನಿಲ್ಲಿಸಲೇ ಇಲ್ಲ.

ಹೊರಗಿನಿಂದ ಮಗನ ಕೂಗು ಕೇಳಿತು. "ಅಮ್ಮಾ, ಏನ್ ನಡೀತಿದೆ ಅಲ್ಲಿ? ಮುದ್ದೆ ಆರೋಗ್ತಿದೆ!"

"ಸುಮ್ನಿರ್ಲಾ! ಬಂದ್ವಿ" ಎಂದರು ಅತ್ತೆ.

ಊಟಕ್ಕೆ ಕೂತಾಗ ಹೊತ್ತು ಇಳಿದಿತ್ತು. ಮುದ್ದೆ ನಿಜವಾಗಿಯೂ ಆರಿತ್ತು, ಹಿದುಕಿದ ಬೇಳೆ ಸಾರು ಮಾತ್ರ ಬಿಸಿಯಾಗಿತ್ತು. ಅತ್ತೆ ಊರಿನ ಎಲ್ಲರ ಎದುರಿಗೆ ಸೊಸೆಯ ತಟ್ಟೆಗೆ ತಮ್ಮ ಕೈಯಾರೆ ಖಾರದ ಸಾರು ಬಡಿಸಿದರು. ಅವಳು ಉಂಡಳು. ಹೆಂಗಸರೆಲ್ಲ ಕೈ ನಿಲ್ಲಿಸಿ ಅವಳು ಉಣ್ಣುವುದನ್ನೇ ನೋಡಿದರು.

ಸೋಮವಾರ ಅಕ್ಕನಿಗೆ ಇದೆಲ್ಲ ಹೇಳಿದೆ. ಹಳ್ಳಿಯ ಹೆಂಗಸರು ಹುಳು ಮನೆಯಲ್ಲಿ ತೋರಿಸಿದ್ದನ್ನು ನಮ್ಮ ಆಸ್ಪತ್ರೆಗೆ ಬಂದವರು ಯಾಕೆ ತೋರಿಸುವುದಿಲ್ಲ ಎಂದು ಕೇಳಿದೆ. "ಬಾಗಿಲು ಹಾಕಿತ್ತಲ್ಲ ಮೇಡಂ ಅಲ್ಲಿ. ಎಲ್ಲ ಹೆಂಗಸರೇ ಇದ್ರಲ್ಲ" ಎಂದರು ಅಕ್ಕ. ಹಾಗಾಗಿ ನಾವು ಶುಕ್ರವಾರದ ಮಧ್ಯಾಹ್ನಗಳನ್ನು ಎಚ್‌ಐವಿ ಮಾತ್ರೆಗೆ ಬರುವ ಹೆಂಗಸರಿಗೇ ಮೀಸಲಿಟ್ಟೆವು. ಬಾಗಿಲು ಹಾಕಿ ಕೂರುತ್ತಿದ್ದೆವು. ಮೊದಲು ಬಂದವಳು ಆ ಸೊಸೆಯೇ. ಹೊಸಬರ ಪಕ್ಕ ಕೂತು, "ಬಾಯಿ ತೋರಿಸಮ್ಮ, ಕೆಳಗಿಂದೂ ಹೇಳು, ನಂದೂ ಅಂಗೇ ಇತ್ತು" ಎಂದು ತಾನೇ ಶುರು ಮಾಡುತ್ತಿದ್ದಳು. ಮುಳಬಾಗಿಲು ಶ್ರೀನಿವಾಸಪುರದ ಕಡೆಯವರ ಜತೆ ತೆಲುಗಿನಲ್ಲಿ ಮಾತಿಗೆ ಕೂತರೆ ನನ್ನನ್ನು ಮರೆತೇಬಿಡುತ್ತಿದ್ದಳು. ಆ ಕೋಣೆಯಿಂದ ಹೊರಡುತ್ತಿದ್ದ ನಗು ಕೇಳಿ ಒಮ್ಮೆ ಪಕ್ಕದ ವಿಭಾಗದವರು ಯಾರದ್ದಾದರೂ ಹುಟ್ಟುಹಬ್ಬವೇ ಎಂದು ವಿಚಾರಿಸಿದರು.

ಒಂದು ದಿನ ಅವಳ ಗಂಡ ಬಾಗಿಲಲ್ಲಿ ನಿಂತು ತಲೆ ತುರಿಸಿಕೊಂಡ.

"ಮೇಡಂ, ನಮಗೂ ಒಂದು ಮಧ್ಯಾಹ್ನ ಮಾಡಿ. ಗಂಡು ಡಾಕ್ಟ್ರು ಇರ್ಬೇಕು."

"ಯಾಕೆ? ನೀವು ಎಲ್ಲ ತೋರಿಸ್ತೀರಲ್ಲ!"

"ಕೈ ಕಾಲು ತೋರಿಸ್ತೀವಿ ಮೇಡಂ. ಎಲ್ಲ ಎಲ್ಲಿ ತೋರಿಸ್ತೀವಿ?" ಎಂದು ನೆಲ ನೋಡಿದ.

ಅವನಿಗೂ ಸೊಂಟದ ಕೆಳಗೆ ನರೂಲಿಗಳಿದ್ದವು. ಹೆಣ್ಣು ಡಾಕ್ಟರ ಮುಂದೆ ಹೇಳಲಾರದೆ ಇಷ್ಟು ದಿನ ಮುಚ್ಚಿಟ್ಟುಕೊಂಡಿದ್ದ. ಹೆಂಗಸರು ಮುಚ್ಚುತ್ತಾರೆ, ಗಂಡಸರು ತೋರಿಸುತ್ತಾರೆ ಎಂದು ನಾನು ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಿದ್ದ ಪಾಠ ಅರ್ಧ ಮಾತ್ರ ಸರಿ ಎಂದು ಅಂದು ತಿಳಿಯಿತು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಜತೆಯ ಕಿರಿಯ ವೈದ್ಯರೊಬ್ಬರು ಗಂಡಸರ ಮಧ್ಯಾಹ್ನವನ್ನು ವಹಿಸಿಕೊಂಡರು. ಅಲ್ಲಿ ನಗು ಕಡಿಮೆ, ಕ್ರಿಕೆಟ್ ಮಾತು ಜಾಸ್ತಿ. ಆದರೆ ಜನ ಬರುತ್ತಾರೆ.

ಇಬ್ಬರ ರಕ್ತದಲ್ಲೂ ವೈರಸ್ ಪರೀಕ್ಷೆಗೆ ಸಿಗದಷ್ಟು ಇಳಿದ ಮೇಲೆ, ಮಗು ಮಾಡಿಕೊಳ್ಳಬಹುದೇ ಎಂದು ಕೇಳಿದರು. ಮಾತ್ರೆ ತಪ್ಪದಿದ್ದರೆ, ಹೇಳಿದಂತೆ ನಡೆದರೆ ಖಂಡಿತ ಎಂದೆವು. ಹೆಣ್ಣು ಮಗು ಹುಟ್ಟಿತು. ಮಗುವಿಗೆ ಕೊಡುವ ಔಷಧ, ಆಗಾಗ ಮಾಡುವ ಪರೀಕ್ಷೆಗಳು, ಯಾವುದನ್ನೂ ಅವರು ತಪ್ಪಿಸಲಿಲ್ಲ. ಇದನ್ನು ಬರೆಯಲೇ ಎಂದು ಮೊನ್ನೆ ಕೇಳಿದಾಗ ಅವಳು, "ಬರೀರಿ ಮೇಡಂ, ಹೆಸ್ರು ಮಾತ್ರ ಬೇಡ" ಎಂದಳು.

ಮಗು ನಡೆಯಲು ಕಲಿತ ಮೇಲೆ ಕೊನೆಯ ಪರೀಕ್ಷೆಯ ದಿನ ಬಂತು. ಅಕ್ಕನ ಕೋಣೆಯಲ್ಲಿ ನಾನೂ ಇದ್ದೆ. ಮಗುವಿಗೆ ಎಚ್‌ಐವಿ ಇಲ್ಲ, ಇನ್ನು ಪರೀಕ್ಷೆಯೂ ಬೇಕಿಲ್ಲ ಎಂದು ಅಕ್ಕ ಹೇಳಿದರು. ತಾಯಿ ಮಗುವನ್ನು ಎತ್ತಿ ಎದೆಗೆ ಅಪ್ಪಿಕೊಂಡಳು. ತಂದೆ ಹೊರಗೆ ಓಡಿ, ಮನೆಗೆ ಫೋನ್ ಮಾಡಿದ. ಅಮ್ಮಾ ಎಂದವನು ಬಿಕ್ಕುತ್ತಲೇ ನಕ್ಕ. ಆ ಕಡೆಯಿಂದ ಅವನ ತಾಯಿಯ ದನಿ ಸಾಲಿನಲ್ಲಿ ಕೂತವರಿಗೆಲ್ಲ ಕೇಳುವಷ್ಟು ಜೋರಾಗಿತ್ತು.

"ಏನ್ಲಾ, ನಗ್ತಿದೀಯೋ ಅಳ್ತಿದೀಯೋ? ಮೊದ್ಲು ಅದು ಹೇಳ್ಲಾ!"

"ನಗ್ತಿದೀನಿ ಕಣಮ್ಮ" ಎಂದ, ಕಣ್ಣು ಒರೆಸಿಕೊಳ್ಳುತ್ತಾ. "ಪಾಪು ಚೆನ್ನಾಗಿದೆ. ನಗ್ತಾ ಇದೀನಿ."